ಪರದೆಯ ಮೇಲಿನ ರಂಗೋಲಿ



ಈ ಸಲ ನೆರೂಳಿನ ಓದುಗಳೊಬ್ಬಳು ಪ್ರಶ್ನೆ ಕಳುಹಿಸಿದ್ದಾಳೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. "ಆಂಟಿ, ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಾವು ಮೂವತ್ತು-ನಲವತ್ತು ಜನ ಸೇರಿ ಒಂದು ಆನ್‌ಲೈನ್ ಬಳಗ ಮಾಡಿಕೊಂಡಿದ್ದೇವೆ. ಕಂಪ್ಯೂಟರಿನ ಡೆಸ್ಕ್‌ಟಾಪ್ ಅಲಂಕರಿಸುವುದೇ ನಮ್ಮ ಹವ್ಯಾಸ. ವಾಲ್‌ಪೇಪರ್, ಐಕಾನ್, ಥೀಮ್ ಎಲ್ಲ ನಾವೇ ಮಾಡಿ ಹಂಚಿಕೊಳ್ಳುತ್ತೇವೆ. ಕನ್ನಡದ್ದೇ ಹೆಚ್ಚು. ಎಲ್ಲರೂ ಸೇರಿ ನನ್ನನ್ನು ಅಡ್ಮಿನ್ ಮಾಡಿದ್ದಾರೆ. ನನಗೆ ಚಿತ್ರ ಮಾಡಲು ಬರುತ್ತದೆ, ಜನರನ್ನು ಸಂಭಾಳಿಸಲು ಬರುವುದಿಲ್ಲ. ಈಗಾಗಲೇ ಇಬ್ಬರು ಮುನಿಸಿಕೊಂಡು ಹೋಗಿದ್ದಾರೆ. ಏನು ಮಾಡಲಿ?"

ಪತ್ರ ಓದಿ ನನಗೆ ಖುಷಿಯಾಯಿತು. ಜನರನ್ನು ಸಂಭಾಳಿಸುವ ಮಾತು ಬಂದರೆ, ಸಂಘದ ಮಹಿಳಾ ವಿಭಾಗದಲ್ಲಿ ಅರಸಿನ-ಕುಂಕುಮದಿಂದ ಹಿಡಿದು ನಾಟಕದ ತಾಲೀಮಿನವರೆಗೆ ಓಡಾಡಿದ ನಮ್ಮಂಥವರ ಬಳಿ ಹೇಳಲು ಬೇಕಾದಷ್ಟಿದೆ. ಆದರೆ ಈ ಡೆಸ್ಕ್‌ಟಾಪ್ ಅಲಂಕಾರ ಎಂದರೇನೆಂದು ಮೊದಲು ತಿಳಿಯಬೇಕಿತ್ತು. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ 'ಥೀಮ್' ಎಂದರೆ ಕಾದಂಬರಿಯ ಒಳತಿರುಳು. ಇವರಿಗೆ ಅದು ಕಿಟಕಿಯ ಅಂಚಿನ ಬಣ್ಣ! 'ಸ್ಕಿನ್' ಎಂದರೆ ಚರ್ಮವಲ್ಲ, ಒಂದು ಪ್ರೋಗ್ರಾಮಿಗೆ ತೊಡಿಸುವ ಮೇಲುಡುಗೆ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಭಾನುವಾರ ಪಾಠ ಹೇಳಿಸಿಕೊಂಡೆ. ಮೊಬೈಲ್ ಬಿಟ್ಟು ಕಂಪ್ಯೂಟರಿನ ಮುಂದೆ ಕೂರದ ನಿಮ್ಮಲ್ಲಿ ಎಷ್ಟೋ ಮಂದಿಗೂ ಇದು ಹೊಸದಿರಬಹುದು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

1997ರಲ್ಲಿ ಅಮೆರಿಕದಲ್ಲಿ ವಿನ್‌ಆಂಪ್ ಎಂಬ ಹಾಡು ಕೇಳಿಸುವ ಪ್ರೋಗ್ರಾಮ್ ಬಂತು. ಮರುವರ್ಷ ಅದಕ್ಕೆ ಬೇಕಾದ ಉಡುಗೆ ತೊಡಿಸುವ ಅವಕಾಶವೂ ಬಂತು. ಅದರ ಮುಖ್ಯ ಕಿಟಕಿ ಎಷ್ಟು ದೊಡ್ಡದು ಗೊತ್ತೇ? ಅಡ್ಡಕ್ಕೆ 275 ಚುಕ್ಕಿ, ಮೇಲಿಂದ ಕೆಳಕ್ಕೆ 116 ಚುಕ್ಕಿ. ಅಷ್ಟೇ! ಚುಕ್ಕಿ ಎಂದರೆ ನೀವು ಪಿಕ್ಸೆಲ್ ಎನ್ನುವುದು. ಆ ಅಂಗೈಯಗಲದ ಜಾಗದಲ್ಲಿ ದೇಶದೇಶಗಳ ಹುಡುಗರು ಮರದ ಕೆತ್ತನೆ, ಉಕ್ಕಿನ ತಗಡು, ಕಾರ್ಟೂನು, ಸಿನಿಮಾ ತಾರೆಯರು, ಏನೇನೋ ತುಂಬಿದರು. 2020ರಲ್ಲಿ ಜೋರ್ಡನ್ ಎಲ್ಡ್ರೆಡ್ಜ್ ಎಂಬ ತಂತ್ರಜ್ಞ ಈ ಉಡುಗೆಗಳನ್ನೆಲ್ಲ ಕೂಡಿಹಾಕಿ ಮ್ಯೂಸಿಯಂ ಮಾಡಿದಾಗ ಅಲ್ಲಿ 65,000ಕ್ಕೂ ಹೆಚ್ಚು ಸೇರಿದ್ದವು. ಒಂದಕ್ಕೂ ಯಾರೂ ಸಂಬಳ ಕೊಟ್ಟಿರಲಿಲ್ಲ ಎಂದೇ ನನ್ನ ಊಹೆ.

ಆಮೇಲೆ ಇಡೀ ವಿಂಡೋಸ್‌ಗೇ ಬಣ್ಣ ಬಳಿಯುವ ವಿಂಡೋಬ್ಲೈಂಡ್ಸ್, ಗಡಿಯಾರ-ಹವಾಮಾನಗಳನ್ನು ಪರದೆಯ ಮೇಲೆ ಚೆಂದವಾಗಿ ಕೂರಿಸುವ ರೇನ್‌ಮೀಟರ್ ಮುಂತಾದವು ಬಂದವು. ಈ ಹವ್ಯಾಸಿಗಳು ಒಂದೆಡೆ ಸೇರಲು 2000ದ ಆಗಸ್ಟ್ 7ರಂದು ಡೀವಿಯಂಟ್‌ಆರ್ಟ್ ಶುರುವಾಯಿತು. ಸ್ಕಾಟ್ ಜಾರ್ಕಾಫ್, ಮ್ಯಾಥ್ಯೂ ಸ್ಟೀಫನ್ಸ್, ಏಂಜೆಲೊ ಸೊಟೀರಾ ಎಂಬ ಮೂವರು ಅದರ ಸ್ಥಾಪಕರು. ಮೊದಮೊದಲು ಅಲ್ಲಿದ್ದದ್ದು ಹೆಚ್ಚಾಗಿ ಇಂಥ ಸ್ಕಿನ್‌ಗಳು, ವಾಲ್‌ಪೇಪರುಗಳು. ಚಿತ್ರಕಲೆ, ಛಾಯಾಚಿತ್ರ ಎಲ್ಲ ಹೊಳೆಯಂತೆ ಹರಿದು ಬಂದದ್ದು ನಂತರ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ, ನಮ್ಮ ಅಡ್ಮಿನ್ ತಂಗಿಗೆ ಬೇಕಾದ ಒಂದೆರಡು ಪಾಠ ಅದರಲ್ಲಿದೆ.

275 ಚುಕ್ಕಿ, 116 ಚುಕ್ಕಿ ಎಂದು ಮಗ ಹೇಳುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮ ರಂಗೋಲಿ ಪುಸ್ತಕ. ಸಂದು ಚುಕ್ಕಿ 15ರಿಂದ 8, ಎದುರು ಚುಕ್ಕಿ 9ಕ್ಕೆ 9 ಎಂದು ಮೂಲೆಯಲ್ಲಿ ಬರೆದಿಟ್ಟ ಆ ಹಳೆಯ ನೋಟ್‌ಬುಕ್ಕು ನಿಮ್ಮ ಅಮ್ಮಂದಿರ ಬಳಿಯೂ ಇದ್ದೀತು, ಕೇಳಿ ನೋಡಿ. ಡೊಂಬಿವಲಿಯವರಿಗಂತೂ ರಂಗೋಲಿಯ ಬಗ್ಗೆ ಹೇಳಬೇಕಿಲ್ಲ. 1999ರಲ್ಲಿ ಇಲ್ಲಿಯ ಗಣೇಶ ಮಂದಿರದವರು ಗುಡಿ ಪಾಡ್ವಾಕ್ಕೆ ಹೊಸವರ್ಷದ ಶೋಭಾಯಾತ್ರೆ ಆರಂಭಿಸಿದ ಮೇಲೆ, ಆ ಪದ್ಧತಿ ಬೇರೆ ಬೇರೆ ಊರುಗಳಿಗೂ ಹರಡಿತು. ಆ ದಿನ ಬೀದಿಯಲ್ಲಿ ಹರಡಿದ ದೊಡ್ಡ ರಂಗೋಲಿಗಳನ್ನು ನೀವೆಲ್ಲ ನೋಡಿದ್ದೀರಿ, ಸೆಲ್ಫಿಯನ್ನೂ ತೆಗೆದಿದ್ದೀರಿ. ಆದರೆ ಅಂಥ ರಂಗೋಲಿ ಹಾಕುವಾಗ ಒಬ್ಬಾಕೆ ರಂಗೋಲಿಯನ್ನೇ ಹಾಕದೆ ಬದಿಯಲ್ಲಿ ನಿಂತಿರುತ್ತಾಳೆ, ಅವಳನ್ನು ಗಮನಿಸಿದ್ದೀರಾ? ಬಣ್ಣ ಜರಡಿ ಹಿಡಿದು ಕೊಡುವವಳು, ಯಾರ ಮೂಲೆ ಯಾರದ್ದೆಂದು ನೆನಪಿಡುವವಳು, ಸ್ಕೂಟರಿನವನನ್ನು ಆಚೆಯಿಂದ ಹೋಗೆಂದು ಗದರುವವಳು, ಹೊಸದಾಗಿ ಬಂದ ಹುಡುಗಿಯ ಕೈಗೆ ಸುಲಭದ ಎಲೆಯೊಂದನ್ನು ಕೊಡುವವಳು. ತಂಗೀ, ಅಡ್ಮಿನ್ ಎಂದರೆ ಅವಳೇ. ಚಿತ್ರ ಹಾಕುವ ಕೈಗಳು ನಿಂತುಹೋಗದಂತೆ ನೋಡಿಕೊಳ್ಳುವುದೇ ಅವಳ ಕೆಲಸ.

ನಿನ್ನ ಬಳಗದಲ್ಲಿ ಎರಡು ಕೈಗಳು ನಿಂತಿವೆ. ಒಂದೊಂದಾಗಿ ನೋಡೋಣ.

ಮೊದಲನೆಯವನು ಕಲ್ಯಾಣದ ಹುಡುಗ. ಮೂರು ರಾತ್ರಿ ಕೂತು ಯಕ್ಷಗಾನದ ಕಿರೀಟದ ವಾಲ್‌ಪೇಪರ್ ಮಾಡಿದ್ದನಂತೆ. ಮೂಲೆಯಲ್ಲಿ ಚಿಕ್ಕದಾಗಿ ಹೆಸರು ಬರೆದಿದ್ದ. ಯಾರೋ ಆ ಮೂಲೆಯನ್ನೇ ಕತ್ತರಿಸಿ, ಹಬ್ಬದ ಬ್ಯಾನರಿಗೆ ಹಾಕಿ, ನಾಲ್ಕು ಕಡೆ ತೂಗುಬಿಟ್ಟರು. ಅವನು ಕೇಳಲು ಹೋದರೆ, "ನಮ್ಮ ಕಲೆಯಪ್ಪಾ, ಎಲ್ಲರದ್ದೂ. ಹೆಸರಿಗಾಗಿ ಯಾಕೆ ಸಾಯುತ್ತೀ?" ಎಂಬ ಉತ್ತರ ಸಿಕ್ಕಿತು. ಅಂದಿನಿಂದ ಅವನು ಏನೂ ಮಾಡಿಲ್ಲ.

ಈ ಉತ್ತರವನ್ನು ನಮ್ಮ ಕಡೆಯ ಹಿರಿಯರು ಧಾರಾಳವಾಗಿ ಕೊಡುತ್ತಾರೆ. ರಂಗೋಲಿಗೆ ಯಾರಾದರೂ ಸಹಿ ಹಾಕಿದ್ದಾರೆಯೇ, ಸೋಬಾನೆ ಪದಕ್ಕೆ ಹಕ್ಕು ಕೇಳಿದ್ದಾರೆಯೇ ಎನ್ನುತ್ತಾರೆ. ಸರಿ, ಹಾಕಿಲ್ಲ. ಯಾಕೆ ಹಾಕಲಿಲ್ಲ? ಹಾಕುವ ಅಗತ್ಯವೇ ಇರಲಿಲ್ಲ. ಅದು ಯಾರ ಹೊಸ್ತಿಲ ಮುಂದಿತ್ತೋ ಅವರದ್ದು. ಕೇರಿಯ ಹೆಂಗಸರಿಗೆ ಎಳೆ ನೋಡಿದರೇ ಸಾಕು, ಇದು ಇಂಥವರ ಕೈ ಎಂದು ತಿಳಿಯುತ್ತಿತ್ತು. ನಮ್ಮ ಮನೆಗೆ ಆ ವಿನ್ಯಾಸ ಬೇಕಾದರೆ ಹೋಗಿ, "ಅಕ್ಕಾ, ನಿಮ್ಮ ತಾವರೆ ರಂಗೋಲಿ ತೋರಿಸಿಕೊಡಿ" ಎಂದು ಕೇಳಿ ಕಲಿಯುತ್ತಿದ್ದೆವು. ಆ ಕೇಳುವಿಕೆಯಲ್ಲೇ ಹೆಸರು ಬಂತಲ್ಲವೇ? ಕಂಪ್ಯೂಟರಿನ ಪರದೆಗೆ ಹೊಸ್ತಿಲಿಲ್ಲ. ಮನೆ ಬಿಟ್ಟು ಹೊರಟ ಚಿತ್ರದ ಜೊತೆ ಅದರ ಯಜಮಾನನನ್ನು ಗುರುತಿಸಲು ಮೂಲೆಯ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಅದನ್ನೇ ಕತ್ತರಿಸಿದರೆ ಇನ್ನೇನು ಉಳಿಯಿತು?

ಹೆಸರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶದ ಆ ಚಿತ್ರವೇ ಸಾಕ್ಷಿ. ನಿಮ್ಮ ಅಪ್ಪಂದಿರ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ರೈಲ್ವೆಯ ಟಿಕೆಟ್ ಕಿಟಕಿಯಲ್ಲಿ ನೋಡಿದ್ದೇ ನೋಡಿದ್ದು. ಅದನ್ನು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ರಸ್ತೆಬದಿಗೆ ಕಾರು ನಿಲ್ಲಿಸಿ ತೆಗೆದವರು ಚಾರ್ಲ್ಸ್ ಓರಿಯರ್ ಎಂದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನೂ ಹತ್ತಿರದ್ದು ಹೇಳುತ್ತೇನೆ. ಅದೇ ಎಕ್ಸ್‌ಪಿಯ ಜೊತೆ 2001ರಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರ ಬಂತು. ಬಹಳ ವರ್ಷ ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡ ಎಂದರೆ ನಮ್ಮ ಕಣ್ಣಿಗೆ ಬೀಳುತ್ತಿದ್ದದ್ದು ಅದೇ. ಅದು ರೂಪುಗೊಂಡದ್ದು ಬೆಂಗಳೂರಿನವರ ಕೈಯಲ್ಲಲ್ಲ. ನಮ್ಮ ಮುಂಬಯಿಯ ಮರಾಠಿ ಅಕ್ಷರ ಕಲಾವಿದ ಆರ್. ಕೆ. ಜೋಶಿಯವರ ನೇತೃತ್ವದಲ್ಲಿ. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿ ಎಲ್ಲರ ಬಳಕೆಗೂ ಮುಕ್ತವಾಗಿ ಬಿಟ್ಟುಕೊಟ್ಟ ಕೆ. ಪಿ. ರಾವ್ ಅವರು ಮಂಗಳೂರು ಸಮೀಪದ ಕಿನ್ನಿಕಂಬಳದವರು. ಅವರೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ 'ಬರಹ' ತಂದರು. ನಿಮ್ಮ ಪರದೆಯ ಮೇಲೆ ಕನ್ನಡ ಮೂಡುವುದರ ಹಿಂದೆ ಇಂಥ ಹೆಸರುಗಳಿವೆ. ಮುಕ್ತವಾಗಿ ಕೊಟ್ಟವರ ಹೆಸರನ್ನಂತೂ ಇನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಬಿಟ್ಟುಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ.

ಹಾಗಾದರೆ ಅಡ್ಮಿನ್ ಏನು ಮಾಡಬೇಕು? ಚಿತ್ರ ಬಳಗಕ್ಕೆ ಬರುವಾಗಲೇ ಒಂದು ಚೀಟಿ ಜೊತೆಗಿರಲಿ: ಮಾಡಿದವರು ಯಾರು, ಒಳಗಿನ ಫೋಟೋ ಯಾರದ್ದು, ಅಕ್ಷರ ಯಾವುದು, ಬೇರೆಯವರು ಬದಲಿಸಬಹುದೇ, ಮಾರಬಹುದೇ. ಚೀಟಿ ಇಲ್ಲದ ಚಿತ್ರವನ್ನು ಒಳಗೆ ಬಿಡಬೇಡ, ಅದು ನಿನ್ನ ಆಪ್ತ ಗೆಳತಿಯದ್ದಾದರೂ. ಮುಕ್ತ ಅಕ್ಷರಗಳಿಗೂ ಇಂಥ ಚೀಟಿ ಇರುತ್ತದೆ. ಮುಂಬಯಿಯ ಏಕ್ ಟೈಪ್ ಎಂಬ ತಂಡದವರು 'ಬಾಲೂ ತಮ್ಮ' ಎಂಬ ದುಂಡುದುಂಡಗಿನ ಕನ್ನಡ ಅಕ್ಷರ ಮಾಡಿದ್ದಾರೆ. (ಎಷ್ಟು ಮುದ್ದಾದ ಹೆಸರು ನೋಡಿ, ಬಾಲೂ ಕರಡಿಗೊಬ್ಬ ಕನ್ನಡದ ತಮ್ಮ!) ಅದನ್ನು ಯಾರೂ ಪುಕ್ಕಟೆ ಬಳಸಬಹುದು, ತಿದ್ದಬಹುದು, ಹಂಚಬಹುದು; ಆದರೆ ಆ ಅಕ್ಷರವೊಂದನ್ನೇ ಬಿಡಿಯಾಗಿ ಮಾರುವಂತಿಲ್ಲ, ಮಾಡಿದವರ ಹಕ್ಕಿನ ಸಾಲನ್ನು ಅಳಿಸುವಂತಿಲ್ಲ. ನಿಮ್ಮ ಬಳಗದ ನಿಯಮವನ್ನೂ ಹೀಗೆಯೇ ಅರ್ಧ ಪುಟದಲ್ಲಿ ಬರೆದುಬಿಡಿ. ಎಂಟು ಪುಟ ಬರೆದರೆ ಯಾರೂ ಓದುವುದಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ನಿಯಮಾವಳಿಯನ್ನು ಯಾರು ಓದಿದ್ದಾರೆ ಹೇಳಿ?

ಇನ್ನು ಆ ಬ್ಯಾನರಿನವರ ವಿಷಯ. ಹುಡುಗ ಒಬ್ಬನೇ ಹೋಗಿ ಕೇಳುವಂತಾದದ್ದು ಸರಿಯಲ್ಲ. ಬಳಗದ ಪರವಾಗಿ ನೀನು ಬರೆ. ಜಗಳದ ಭಾಷೆ ಬೇಡ. "ಈ ಚಿತ್ರ ನಮ್ಮ ಸದಸ್ಯರದ್ದು, ಮೂಲ ಇಲ್ಲಿದೆ, ಮುಂದಿನ ಬ್ಯಾನರಿನಲ್ಲಿ ಹೆಸರು ಹಾಕಿ, ಇಲ್ಲವೇ ತೆಗೆಯಿರಿ" ಎಂದು ನಾಲ್ಕು ಸಾಲು. ಪದರ ಪದರವಾಗಿರುವ ಮೂಲ ಫೈಲು ಅವನ ಬಳಿ ಇದೆಯಲ್ಲ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅವರು ಒಪ್ಪುತ್ತಾರೋ ಬಿಡುತ್ತಾರೋ, ಆದರೆ ತನ್ನ ಹಿಂದೆ ನಲವತ್ತು ಜನ ಇದ್ದಾರೆ ಎಂದು ಅವನಿಗೆ ಗೊತ್ತಾಗಬೇಕು.

ಎರಡನೆಯವಳ ಕಥೆ ಓದಿ ನನಗೆ ಹೆಚ್ಚು ನೋವಾಯಿತು. ಡೊಂಬಿವಲಿಯ ಹುಡುಗಿ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು, ಮನೆಯಲ್ಲಿ ಮಾತ್ರ ಕನ್ನಡ. ಯುಗಾದಿಗೆ ಬೇವಿನೆಲೆಯ ಸೊಗಸಾದ ವಾಲ್‌ಪೇಪರ್ ಮಾಡಿ 'ಶುಭಾಷಯಗಳು' ಎಂದು ಬರೆದಿದ್ದಳು. ಬಳಗದ ಹಿರಿಯ ಸದಸ್ಯರೊಬ್ಬರು ಎಲ್ಲರೆದುರು, "ಕನ್ನಡ ಬಾರದವರು ಕನ್ನಡ ಬರೆದು ಭಾಷೆ ಕೆಡಿಸಬೇಡಿ" ಎಂದರಂತೆ. ಅವಳು ಅದೇ ರಾತ್ರಿ ಬಳಗ ಬಿಟ್ಟಳು.

'ಶುಭಾಶಯ' ಸರಿ, ನಿಜ. ಶುಭ ಮತ್ತು ಆಶಯ ಸೇರಿ ಆದದ್ದು, ಅಲ್ಲಿ 'ಷ'ಕ್ಕೆ ಕೆಲಸವಿಲ್ಲ. ಆದರೆ ಈ ತಪ್ಪು ಬೆಂಗಳೂರಿನ ಫ್ಲೆಕ್ಸುಗಳಲ್ಲಿ ಬೇಕಾದಷ್ಟಿದೆ. ಹುಟ್ಟಿನಿಂದ ಅಲ್ಲೇ ಇದ್ದು ಕನ್ನಡದಲ್ಲೇ ಓದಿದವರು ಬರೆದದ್ದು ಅದು! ನಮ್ಮ ಡೊಂಬಿವಲಿಯ ಹುಡುಗಿಯನ್ನು ಮಾತ್ರ ಹಿಡಿದು ಜಗ್ಗುವುದು ಯಾವ ನ್ಯಾಯ? ಅವಳು ಇಂಗ್ಲಿಷಿನಲ್ಲೇ ಶುಭಾಶಯ ಬರೆದಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಕನ್ನಡ ಬರೆಯಲು ಹೋದದ್ದಕ್ಕೇ ಬೈಸಿಕೊಂಡಳು. ಮುಂದಿನ ಸಲ ಅವಳು ಏನು ಮಾಡುತ್ತಾಳೆ, ನೀವೇ ಊಹಿಸಿ.

ಅಕ್ಷರದ ತಪ್ಪನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ತಪ್ಪು ವಾಲ್‌ಪೇಪರ್ ಒಂದು ವರ್ಷ ನೂರು ಪರದೆಗಳ ಮೇಲೆ ಕೂತರೆ ನೋಡಿದವರೆಲ್ಲ ಅದನ್ನೇ ಕಲಿಯುತ್ತಾರೆ. ತಿದ್ದಲೇಬೇಕು. ಚಿತ್ರ ಹೊರಗೆ ಹೋಗುವ ಮೊದಲು, ಮಾಡಿದವರಿಗೆ ಮಾತ್ರ ಹೇಳಿ ತಿದ್ದಬೇಕು. ಕನ್ನಡ ಚೆನ್ನಾಗಿ ಬಲ್ಲ ಇಬ್ಬರನ್ನು ಈ ಕೆಲಸಕ್ಕೇ ಇಟ್ಟುಕೋ. ಆ ಹಿರಿಯರನ್ನೇ ಕೇಳಿಕೊಂಡರೂ ಆದೀತು. "ಅಂಕಲ್, ನಿಮ್ಮ ಕನ್ನಡ ನಮಗೆ ಬೇಕು, ಆದರೆ ನನಗೊಬ್ಬಳಿಗೇ ಕಳುಹಿಸಿ, ನಾನು ಮಕ್ಕಳಿಗೆ ಹೇಳುತ್ತೇನೆ" ಎನ್ನು. ಮರ್ಯಾದೆ ಕೊಟ್ಟು ಕೆಲಸ ಕೊಟ್ಟರೆ ಮಣಿಯುವ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಮಣಿಯದವರೂ ಇದ್ದಾರೆ. ಅವರಿಗೆ ಎರಡು ಸಲ ಹೇಳಿ ಮೂರನೆಯ ಸಲ ಬಾಗಿಲು ತೋರಿಸಲೇಬೇಕು. ಆಗ ವಯಸ್ಸು ನೋಡಬಾರದು.

ಇನ್ನೊಂದು ಮಾತು. ತಪ್ಪು ಕಂಡ ಕೂಡಲೇ ಮಕ್ಕಳನ್ನು ದೂರುವ ಮೊದಲು ಯಂತ್ರವನ್ನೂ ವಿಚಾರಿಸಬೇಕು. 'ಪ್ರೀತಿ' ಎಂದು ಸರಿಯಾಗಿಯೇ ಬೆರಳಚ್ಚು ಮಾಡಿದರೂ, ಚಿತ್ರ ಮಾಡುವ ಕೆಲವು ಪ್ರೋಗ್ರಾಮುಗಳಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ಬಿಡಿಬಿಡಿಯಾಗಿ ನಿಂತುಬಿಡುತ್ತದೆ. ಫೋಟೋಶಾಪಿನಲ್ಲಿ ಭಾರತೀಯ ಭಾಷೆಗಳ ಅಕ್ಷರ ಜೋಡಣೆಗೆ ಬೇರೆಯೇ ಒಂದು ಸೆಟ್ಟಿಂಗ್ ಇದೆಯಂತೆ, ಅದನ್ನು ಹಾಕದಿದ್ದರೆ ಕನ್ನಡ ಒಡೆದು ಚೂರಾಗುತ್ತದೆ. ಹಳೆಯ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಬರೆದದ್ದು ಬೇರೆ ಕಂಪ್ಯೂಟರಿಗೆ ಹೋದರೆ ಮಂತ್ರವಾದಿಯ ತಗಡಿನಂತೆ ಕಾಣುತ್ತದೆ. ಹೊಸಬರಿಗೆ ಇದನ್ನು ಮೊದಲ ದಿನವೇ ತಿಳಿಸಿದರೆ ಅರ್ಧ ಅವಮಾನ ತಪ್ಪೀತು. ಆ ಡೊಂಬಿವಲಿಯ ಹುಡುಗಿಗೆ ನೀನೇ ಫೋನ್ ಮಾಡು. ಮೆಸೇಜ್ ಅಲ್ಲ, ಫೋನ್. ಸಾಧ್ಯವಾದರೆ ಮನೆಗೇ ಹೋಗು. ನೆರೂಳಿನಿಂದ ಡೊಂಬಿವಲಿಗೆ ಥಾಣೆಯಲ್ಲಿ ಗಾಡಿ ಬದಲಿಸಿದರಾಯಿತು.

ಈಗ ಡೀವಿಯಂಟ್‌ಆರ್ಟಿನ ಕಥೆಗೆ ಬರುತ್ತೇನೆ. 2005ರ ಜುಲೈಯಲ್ಲಿ ಸ್ಥಾಪಕರಲ್ಲೊಬ್ಬರಾದ ಜಾರ್ಕಾಫ್ ಅಲ್ಲಿಂದ ಹೊರಬೀಳಬೇಕಾಯಿತು. ಸದಸ್ಯರಲ್ಲಿ ಅನೇಕರು ಸಿಟ್ಟಿಗೆದ್ದರು. ನಾವೆಲ್ಲ ಸೇರಿ ಕಟ್ಟಿದ್ದು ಎಂದುಕೊಂಡಿದ್ದ ಮನೆಯ ಬೀಗದಕೈ ಯಾರ ಬಳಿ ಇದೆಯೆಂದು ಅಂದೇ ಬಹುಮಂದಿಗೆ ಹೊಳೆದಿರಬೇಕು. 2017ರಲ್ಲಿ ವಿಕ್ಸ್ ಎಂಬ ಕಂಪನಿ ಅದನ್ನು 3.6 ಕೋಟಿ ಡಾಲರಿಗೆ ಕೊಂಡುಕೊಂಡಿತು. 2022ರ ನವೆಂಬರಿನಲ್ಲಿ ಅವರು ಎಐನಿಂದ ಚಿತ್ರ ಮಾಡಿಸುವ ಸೌಲಭ್ಯ ತಂದರು. ಆಗ, ಕಲಾವಿದರ ಚಿತ್ರಗಳನ್ನು ಯಂತ್ರಕ್ಕೆ ಕಲಿಸಲು ಬಳಸಬಾರದೆಂದರೆ ಕಲಾವಿದರೇ ಬಂದು ಬೇಡ ಎನ್ನಬೇಕು ಎಂಬ ಏರ್ಪಾಡು ಮಾಡಿದ್ದರು. ಎಂಥ ಗಲಾಟೆ ಎದ್ದಿತೆಂದರೆ, ತಡಮಾಡದೆ ಅದನ್ನು ತಿರುವಿ, ಎಲ್ಲರದ್ದೂ 'ಬೇಡ' ಎಂದೇ ಇರಲಿ, ಬೇಕಾದವರು ಬಂದು ಹೇಳಲಿ ಎಂದು ಬದಲಿಸಬೇಕಾಯಿತು. ಮೊದಲೇ ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ನಿನ್ನ ಬಳಗ ನಲವತ್ತು ಜನರದ್ದು, ಕೋಟಿ ಡಾಲರಿನ ಮಾತಿಲ್ಲ. ಆದರೂ ಪಾಸ್‌ವರ್ಡು ಒಬ್ಬಳ ಬಳಿಯೇ ಇರಬಾರದು. ಸಂಘದ ಕಪಾಟಿನ ಬೀಗದಕೈಯನ್ನು ಕಾರ್ಯದರ್ಶಿಯೊಬ್ಬರು ಊರಿಗೆ ಒಯ್ದು, ರಾಜ್ಯೋತ್ಸವದ ದಿನ ಭುವನೇಶ್ವರಿಯ ಪಟವೇ ಕಪಾಟಿನೊಳಗೆ ಬಂದಿಯಾದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಬಡಗಿಯನ್ನು ಕರೆಸಬೇಕಾಯಿತು. ಮೂವರ ಬಳಿ ಕೀಲಿ ಇರಲಿ, ಎಲ್ಲ ಚಿತ್ರಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ನಾಳೆ ನಿನಗೆ ಪುಣೆಯಲ್ಲಿ ಕೆಲಸ ಸಿಗಬಹುದು, ಮದುವೆಯಾಗಬಹುದು. ವರ್ಷಕ್ಕೊಮ್ಮೆ ಅಡ್ಮಿನ್ ಬದಲಾಗುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ನಮ್ಮ ಎಷ್ಟೋ ಸಂಘಗಳು ಇದನ್ನು ಕಲಿಯದೆ ಸೊರಗಿದವು. ಇರಲಿ, ಆ ಮಾತು ಇಲ್ಲಿ ಬೇಡ.

ಎಐ ಚಿತ್ರಗಳ ಬಗ್ಗೆಯೂ ಕೇಳಿದ್ದೀಯ. ಒಬ್ಬ ಹುಡುಗ ದಿನಕ್ಕೆ ಹತ್ತು-ಹನ್ನೆರಡು ಹಾಕುತ್ತಾನಂತೆ, ಕೈಯಾರೆ ಮಾಡಿದವರದ್ದು ಕೆಳಗೆ ಮುಳುಗಿಹೋಗುತ್ತದಂತೆ. ಅವನನ್ನು ಓಡಿಸಬೇಡ. ಅದಕ್ಕೊಂದು ಬೇರೆ ಕೋಣೆ ಮಾಡು, ಯಂತ್ರದ್ದು ಎಂದು ಚೀಟಿಯಲ್ಲಿ ಬರೆಯಿಸು, ವಾರಕ್ಕೆ ಎರಡೇ ಎಂದು ಮಿತಿ ಹಾಕು. ಕನ್ನಡ ಅಕ್ಷರಗಳನ್ನು ಆ ಯಂತ್ರ ಎಷ್ಟೋ ಸಲ ಜಿಲೇಬಿ ಮಾಡಿಬಿಡುತ್ತದೆ, ಅದನ್ನು ತಿದ್ದುವ ಕೆಲಸವನ್ನು ಅವನಿಗೇ ಒಪ್ಪಿಸು. ತಿದ್ದುತ್ತ ತಿದ್ದುತ್ತ ಕನ್ನಡ ಕಲಿತಾನು.

ಹೊಸಬರ ಮೊದಲ ಚಿತ್ರಕ್ಕೆ ಒಂದು ದಿನದೊಳಗೆ ಯಾರಾದರೂ ಮಾತಾಡಬೇಕು. ಬರಿಯ ಹೆಬ್ಬೆರಳಿನ ಗುರುತು ಸಾಲದು. ಬಣ್ಣ ಹಿಡಿಸಿತು, ಐಕಾನುಗಳ ಹಿಂದೆ ಚಿತ್ರ ಗಿಜಿಗಿಜಿ ಎನಿಸುತ್ತದೆ, ಎಡಬದಿ ಖಾಲಿ ಬಿಡು, ಹೀಗೆ ಏನಾದರೊಂದು. ದಿನಕ್ಕೆ ಇಪ್ಪತ್ತು ನಿಮಿಷದ ಕೆಲಸ, ಲೋಕಲ್‌ನಲ್ಲಿ ಸೀಟು ಸಿಕ್ಕರೆ ಅಲ್ಲೇ ಮುಗಿದೀತು.

ಕೊನೆಯದಾಗಿ, ರಾಜ್ಯೋತ್ಸವಕ್ಕೆ ಎಲ್ಲರೂ ಸೇರಿ ಮಾಡುವಂಥದ್ದು ಏನಾದರೂ ಹೇಳಿ ಎಂದು ಕೇಳಿದ್ದೀಯ. ಕೆಂಪು-ಹಳದಿ ಬಾವುಟದ ವಾಲ್‌ಪೇಪರ್ ಸಾಕಷ್ಟಾಗಿದೆ. ಧಾರವಾಡದ ಕಡೆಯ ಕಸೂತಿ ನೋಡಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವ ಕೆಲಸ, ನಿಮ್ಮ ಪಿಕ್ಸೆಲ್ ಲೆಕ್ಕವೇ! ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಅದರಲ್ಲಿ ಚೌಕಚೌಕವಾಗಿ ಸಿದ್ಧವಾಗಿ ಕೂತಿವೆ. 32ಕ್ಕೆ 32 ಚುಕ್ಕಿಯ ಐಕಾನಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗಂತೂ ಹೊಳೆಯುವುದಿಲ್ಲ. 'ಮೈ ಕಂಪ್ಯೂಟರ್' ಜಾಗದಲ್ಲಿ ತುಳಸಿಕಟ್ಟೆ, ಕಸದ ಬುಟ್ಟಿಗೆ ಏನು ಎಂಬುದನ್ನು ನೀವೇ ಯೋಚಿಸಿ. ನನ್ನ ಕಪಾಟಿನಲ್ಲಿ ಹಳೆಯ ಚಂದ್ರಕಾಳಿ ಸೀರೆಯೊಂದಿದೆ, ಸೆರಗಿನ ತುಂಬ ಕಸೂತಿ. ಒಂದು ಭಾನುವಾರ ನಾಲ್ಕು ಜನ ಬಂದು ಫೋಟೋ ತೆಗೆದುಕೊಂಡು ಹೋಗಿ, ಅವಲಕ್ಕಿ ಮಾಡಿರುತ್ತೇನೆ. ಸೀರೆಯನ್ನು ಮಾತ್ರ ಮನೆಯಿಂದ ಆಚೆ ಕೊಡುವುದಿಲ್ಲ. ಅದಕ್ಕೆ ಕಸೂತಿ ಹಾಕಿದವರು ನಮ್ಮತ್ತೆಯ ತಾಯಿ. ಚೀಟಿಯಲ್ಲಿ ಬರೆಯಬೇಕಾದ ಹೆಸರನ್ನು ಬಂದಾಗ ಹೇಳುತ್ತೇನೆ.